ಪಿಎಸ್‌ಎ ಏರುತ್ತಿದ್ದರೆ ಕೂಡಲೇ ಬಯಾಪ್ಸಿ ಮಾಡಿಸಬೇಕೇ?

ಬಯಾಪ್ಸಿ, ಅಂದರೆ ಪ್ರಾಸ್ಟೇಟ್‌ನಿಂದ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಚೂರು ತೆಗೆದು ಕ್ಯಾನ್ಸರ್ ಇದೆಯೇ ಎಂದು ಪರೀಕ್ಷಿಸುವುದು, ಸಾಮಾನ್ಯವಾಗಿ ಕೂಡಲೇ ಬೇಡ. ಕೆಲವು ವಾರ ಬಿಟ್ಟು ಅದೇ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಪಿಎಸ್‌ಎ ಎಂಬುದು ಕ್ಯಾನ್ಸರ್ ಹುಟ್ಟಿಸುವ ವಸ್ತುವಲ್ಲ, ಪ್ರಾಸ್ಟೇಟ್ ಗ್ರಂಥಿಯೇ ತಯಾರಿಸುವ ಪ್ರೋಟೀನ್. ಗ್ರಂಥಿ ವಯಸ್ಸಿನೊಂದಿಗೆ ಊದಿಕೊಂಡರೂ ಸೋಂಕಿನಿಂದ ಕೆರಳಿದರೂ ಅದು ರಕ್ತಕ್ಕೆ ಹೆಚ್ಚು ಸೋರುತ್ತದೆ. ಹಿಂದಿನ ದಿನದ ವೀರ್ಯಸ್ಖಲನವೂ ಅಂಕಿಯನ್ನು ಏರಿಸಬಲ್ಲದು. ಪ್ರಾಸ್ಟೇಟ್ ಊತಕ್ಕೆ ಕೊಡುವ ಫಿನಾಸ್ಟರೈಡ್ ಮಾತ್ರೆಯದು ತದ್ವಿರುದ್ಧ ಮೋಸ: ತಿಂಗಳುಗಟ್ಟಲೆ ನುಂಗಿದವರಲ್ಲಿ ಅಂಕಿ ಸುಮಾರು ಅರ್ಧಕ್ಕಿಳಿದಿರುತ್ತದೆ. ಅದನ್ನು ನುಂಗುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು.

ಕಾಯುವುದು ಹಿಂಸೆಯೇ, ನಿಜ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಬಹುತೇಕ ನಿಧಾನವಾಗಿ ಬೆಳೆಯುವಂಥದ್ದು.

ಮತ್ತೆಯೂ ಹೆಚ್ಚಿದ್ದರೆ ಮೊದಲು ಎಂಆರ್‌ಐ. ಅನುಮಾನಕ್ಕೆ ತಕ್ಕಂತೆ ಅದರಲ್ಲಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 4 ಅಥವಾ 5 ಬಂದರೆ ಬಯಾಪ್ಸಿಯನ್ನು ಮುಂದೂಡಬೇಡಿ. ಗೊಂದಲವೆಲ್ಲ 3ರಲ್ಲಿ. ಆಗ ಗ್ರಂಥಿಯ ಗಾತ್ರ, ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಇತ್ತೇ ಎಂಬುದನ್ನು ನೋಡಿ ನಿರ್ಧರಿಸುತ್ತಾರೆ. ಗುದದ್ವಾರದ ಮೂಲಕ ಗ್ರಂಥಿಯನ್ನು ಮುಟ್ಟಿ ನೋಡುವಾಗ ವೈದ್ಯರ ಬೆರಳಿಗೆ ಗಟ್ಟಿ ಗಂಟು ಸಿಕ್ಕಿದ್ದರೆ ಮಾತ್ರ ಈ ಕಾಯುವ ಲೆಕ್ಕ ನಿಮಗಲ್ಲ.