ವಿಂಡೋಸ್ 11 ಬಿಟ್ಟು ಮುಂದಿನದಕ್ಕೆ ಕಾಯಬಹುದೇ?

2019ರಲ್ಲಿ ಕೊಂಡ ಲ್ಯಾಪ್‌ಟಾಪ್, ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, ಈಗಲೂ ವಿಂಡೋಸ್ 10. ‘ಒಂದು ಬಿಟ್ಟು ಒಂದು ವಿಂಡೋಸ್ ಕೆಟ್ಟದಾಗಿರುತ್ತದೆ, 11 ಬೇಡ, 12ಕ್ಕೆ ಕಾಯಿ’ ಎಂದು ನಿಮ್ಮ ಭಾವ ಹೇಳುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. 11 ಹಾಕಿಕೊಳ್ಳಿ. ಭಾವನವರ ಲೆಕ್ಕವನ್ನು ನಾನೂ ಬಹಳ ವರ್ಷ ನಂಬಿದ್ದೆ.

ನನ್ನದು ಸಣ್ಣ ಡಿಟಿಪಿ ಅಂಗಡಿ. 2007ರಲ್ಲಿ ವಿಸ್ಟಾ ಬಂದಾಗ ಅದರ ಅಂದಕ್ಕೆ ಮರುಳಾಗಿ ಒಂದು ಕಂಪ್ಯೂಟರಿಗೆ ಹಾಕಿಸಿದೆ. ಅವತ್ತೇ ಸ್ಕ್ಯಾನರ್ ಮುಷ್ಕರ ಹೂಡಿತು. ಅದನ್ನು ತಯಾರಿಸಿದವರು ವಿಸ್ಟಾಕ್ಕೆ ಡ್ರೈವರ್, ಅಂದರೆ ಸ್ಕ್ಯಾನರನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ, ಕೊಡಲೇ ಇಲ್ಲ. ಮದುವೆಯ ಕಾಲ, ಲಗ್ನಪತ್ರಿಕೆಯ ಗಿರಾಕಿಗಳು ಬಾಗಿಲಲ್ಲಿ. ರಾತ್ರೋರಾತ್ರಿ ಎಕ್ಸ್‌ಪಿಗೆ ಮರಳಿದೆ. 2009ರಲ್ಲಿ ಬಂದ ವಿಂಡೋಸ್ 7 ಅನ್ನು ಊರೆಲ್ಲ ಹೊಗಳಿತು, ನಾನೂ ಹೊಗಳಿದೆ. ಆದರೆ ಒಳಗಿನ ಆವೃತ್ತಿ ಸಂಖ್ಯೆ ನೋಡಿ: ವಿಸ್ಟಾ 6.0, ವಿಂಡೋಸ್ 7 ಬರೀ 6.1. ಅಡಿಪಾಯ ಅದೇ. ಅಷ್ಟರೊಳಗೆ ಡ್ರೈವರುಗಳು ಬಂದಿದ್ದವು, ಕಂಪ್ಯೂಟರುಗಳಲ್ಲಿ ಮೆಮೊರಿಯೂ ಹೆಚ್ಚಿತ್ತು. ಕಾಯಿಯಾಗಿದ್ದಾಗ ಕಚ್ಚಿ ಉಗಿದದ್ದನ್ನೇ ಹಣ್ಣಾದ ಮೇಲೆ ಚಪ್ಪರಿಸಿದ್ದೆವು.

11 ಕೂಡ 2021ರ ಅಕ್ಟೋಬರಿನಲ್ಲಿ ಕಾಯಿಯಾಗಿಯೇ ಬಂತು. ಕಡತವನ್ನು ಎಳೆದು ಟಾಸ್ಕ್‌ಬಾರ್‌ನಲ್ಲಿರುವ ಪ್ರೋಗ್ರಾಮಿನ ಮೇಲೆ ಹಿಡಿದು, ಅದು ತೆರೆದಾಗ ಒಳಗೆ ಬಿಡುವುದು ನನ್ನ ಕೈಗೆ ಅಂಟಿದ ಅಭ್ಯಾಸ, ಅದನ್ನೇ ಕಿತ್ತುಹಾಕಿದ್ದರು. 2022ರ ಅಪ್‌ಡೇಟಿನಲ್ಲಿ ಅದು ಮರಳಿದ ಮೇಲಷ್ಟೇ ನಾನು ಬದಲಾಯಿಸಿದೆ. ಆಗ ಕಾದದ್ದಕ್ಕೆ ಅರ್ಥವಿತ್ತು.

ಈಗ ಹಾಗಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಏರ್ಪಾಟು ಮಾಡಿದರು. ಅದು ಹೊಸ ಯಂತ್ರ ಕೊಳ್ಳಲು ಹಣ ಹೊಂದಿಸಬೇಕಾದವರಿಗೆ ಒದಗುವಂಥದು. ನಿಮ್ಮ ಯಂತ್ರವೇ 11ಕ್ಕೆ ತಕ್ಕದ್ದಾಗಿರುವಾಗ ಅದರ ಹಂಗೇಕೆ? ಏಳನೇ ತಲೆಮಾರಿನದಾಗಿದ್ದರೆ ಬಹುಪಾಲು ಬಾಗಿಲು ಮುಚ್ಚಿರುತ್ತಿತ್ತು. ಆದರೂ ಯಂತ್ರ 11ಕ್ಕೆ ತಕ್ಕದ್ದೇ ಎಂದು ಹೇಳುವ ಮೈಕ್ರೋಸಾಫ್ಟಿನ ‘ಪಿಸಿ ಹೆಲ್ತ್ ಚೆಕ್’ ಒಮ್ಮೆ ಓಡಿಸಿ, 11 ಕೇಳುವ ಭದ್ರತಾ ಚಿಪ್ಪು ಟಿಪಿಎಂ 2.0 ಇಲ್ಲ ಎಂದರೆ ಗಾಬರಿಯಾಗಬೇಡಿ, ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ಸ್) ಅದನ್ನು ಆಫ್ ಮಾಡಿಟ್ಟಿರಬಹುದು. ಇನ್ನು 12ರ ಮಾತು: ಕೂಸು ಹುಟ್ಟುವ ಮೊದಲೇ ಕುಲಾವಿ.

ಹಾಕುವ ಮೊದಲು ಫೋಟೊ, ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ. ಲ್ಯಾಪ್‌ಟಾಪಿನಲ್ಲಿ ಇನ್ನೂ ಹಳೆಯ ಹಾರ್ಡ್‌ಡಿಸ್ಕ್ ತಿರುಗುತ್ತಿದ್ದರೆ ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿಯೇ ಮುಂದುವರಿಯಿರಿ, ಇಲ್ಲವಾದರೆ ಬೈಗುಳ ನನಗೆ ಬೀಳುತ್ತದೆ.

ಅಪ್‌ಗ್ರೇಡ್ ಆದ ಹತ್ತು ದಿನಗಳೊಳಗೆ ಸೆಟ್ಟಿಂಗ್ಸ್‌ನಿಂದಲೇ 10ಕ್ಕೆ ಮರಳಬಹುದು. ಹಳೆಯ ಕಡತಗಳು ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿನಲ್ಲಿ ಕಾದಿರುತ್ತವೆ. ಜಾಗ ಉಳಿಸುವ ಉತ್ಸಾಹದಲ್ಲಿ ಅದನ್ನು ಅಳಿಸಬೇಡಿ. ಆ ಹತ್ತು ದಿನ ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಡಾಂಗಲ್, ಕನ್ನಡ ಕೀಲಿಮಣೆ ಎಲ್ಲವನ್ನೂ ಒಂದೊಂದಾಗಿ ಬಳಸಿ ನೋಡಿ. ನಾನು ಮೊದಲು ತೆರೆದದ್ದು ಹಳೆಯ ನುಡಿ ಫಾಂಟಿನಲ್ಲಿದ್ದ ಒಂದು ಲಗ್ನಪತ್ರಿಕೆ. ಒತ್ತಕ್ಷರವೂ ಕದಲಿರಲಿಲ್ಲ.