ಬೌಲಿಂಗ್ ಬಾಲ್‌ನ ಪಿನ್ ಬೆರಳುಗಳ ಮೇಲಿದ್ದರೂ ಕೆಳಗಿದ್ದರೂ ಹುಕ್ (ಬಾಲ್‌ನ ತಿರುವು) ಒಂದೇ ಥರ ಕಾಣುತ್ತಿದೆ, ಯಾಕೆ?

ಒಂದೇ ಮಾದರಿಯ ಎರಡು ಬಾಲ್, ಒಂದಕ್ಕೆ 50×4½×30, ಇನ್ನೊಂದಕ್ಕೆ 50×4½×70, ಆದರೂ ವ್ಯತ್ಯಾಸ ಕಾಣುತ್ತಿಲ್ಲ ಎಂದಿದ್ದೀರಿ. ಪಿನ್ ಅಂದರೆ ಒಳಗಿನ ಭಾರದ ತಿರುಳಿನ, ಅಂದರೆ ಕೋರ್‌ನ, ತುದಿ ಎಲ್ಲಿದೆ ಎಂದು ತೋರಿಸುವ ಬಾಲ್ ಮೇಲಿನ ಬಣ್ಣದ ಚುಕ್ಕಿ. ಅದನ್ನು ನೋಡಿಕೊಂಡು ತೂತು ಎಲ್ಲಿ ಕೊರೆಯಬೇಕೆಂದು ಹೇಳುವ ಈ ಅಂಕಿಗಳೇ ಲೇಔಟ್. ಲೇಔಟ್ ಸುಳ್ಳಲ್ಲ. ಆದರೆ ಅದರ ಕೆಲಸ ಕಾಣಬೇಕಾದರೆ ಮೊದಲು ಎರಡು ವಿಷಯ ಸರಿಯಿರಬೇಕು: ನಿಮ್ಮ ಪಿಎಪಿ ಅಳತೆ ಮತ್ತು ಬಾಲ್‌ನ ಮೇಲ್ಮೈ.

ಪಿಎಪಿ ಅಂದರೆ ಕೈಬಿಟ್ಟ ಕ್ಷಣದಲ್ಲಿ ಬಾಲ್ ಯಾವ ಅಕ್ಷದ ಸುತ್ತ ತಿರುಗುತ್ತದೋ ಅದರ ತುದಿ. ನಿಮ್ಮ ಮೂರೂ ಅಂಕಿ ಈ ಬಿಂದುವನ್ನೇ ನಂಬಿಕೊಂಡಿವೆ. ನಡುವಿನ 4½ ಎಂದರೆ ಪಿನ್‌ನಿಂದ ಪಿಎಪಿಗೆ ಇರುವ ಇಂಚು. ಬಾಲ್‌ನ ಸುತ್ತಳತೆ ಸುಮಾರು 27 ಇಂಚು, ಅದರ ಕಾಲು ಭಾಗ 6¾. ಸರಿಯಾಗಿ ಅರ್ಧ, 3⅜ ಇಂಚಿನಲ್ಲಿ ಪಿನ್ ಇದ್ದರೆ ಕೋರ್ ಓರೆಯಾಗಿ ನಿಂತು ಅತ್ಯಂತ ಅಸ್ಥಿರವಾಗಿರುತ್ತದೆ. ಅಕ್ಷ ಜರುಗುತ್ತಾ ಹೋಗುತ್ತದೆ, ಪ್ರತಿ ಸುತ್ತಿಗೂ ಲೇನ್‌ಗೆ ಹಚ್ಚಿದ ಎಣ್ಣೆ ತಾಗದ ಹೊಸ ಜಾಗ ಲೇನ್ ಮುಟ್ಟುತ್ತದೆ, ಹಿಡಿತ ಸಿಗುತ್ತದೆ. ಫ್ಲೇರ್ ಅನ್ನುವುದು ಇದಕ್ಕೇ. ಪಿನ್ ಪಿಎಪಿಗೆ 2 ಇಂಚಿಗಿಂತ ಹತ್ತಿರ ಬಂದರೆ ಫ್ಲೇರ್ ಕುಗ್ಗಿ ಬಾಲ್ ಬೇಗ ಉರುಳತೊಡಗುತ್ತದೆ. 6ರ ಆಚೆ ಹೋದರೂ ಫ್ಲೇರ್ ಕುಗ್ಗುತ್ತದೆ, ಆದರೆ ಆಗ ಬಾಲ್ ದೂರ ಜಾರುತ್ತದೆ.

ಮೊದಲ ಅಂಕಿ ಡ್ರಿಲ್ಲಿಂಗ್ ಕೋನ, ಪಿನ್‌ನಿಂದ ಪಿಎಪಿಗೆ ಎಳೆದ ಗೆರೆಗೂ ಪಿನ್‌ನಿಂದ ಬಾಲ್‌ನ ಭಾರದ ಗುರುತಿಗೆ ಎಳೆದ ಗೆರೆಗೂ ನಡುವಿನದು. ಅದು ಹೆಚ್ಚಾದಷ್ಟೂ ಬಾಲ್ ತಡವಾಗಿ ಎಚ್ಚೆತ್ತುಕೊಳ್ಳುತ್ತದೆ. ಸಿಮೆಟ್ರಿಕ್ ಕೋರ್‌ನಲ್ಲಿ (ಸುತ್ತಲೂ ಒಂದೇ ಆಕಾರದ್ದರಲ್ಲಿ) ಇದರ ಪ್ರಭಾವ ಕಡಿಮೆ. ನಿಮ್ಮಲ್ಲಿ ಬೇರೆಯಾಗಿರುವುದು ಮೂರನೆಯದು, ವ್ಯಾಲ್ ಕೋನ: ಪಿಎಪಿ ಮೂಲಕ ಮೇಲಿನಿಂದ ಕೆಳಕ್ಕೆ ಹಾಯುವ ಗೆರೆಗೂ ಪಿನ್‌ನಿಂದ ಪಿಎಪಿಗೆ ಎಳೆದ ಗೆರೆಗೂ ನಡುವಿನದು. 30 ಪಿನ್ ಅನ್ನು ಬೆರಳುಗಳ ಮೇಲೆ ಒಯ್ಯುತ್ತದೆ, ಒಣ ಜಾಗ ಸಿಕ್ಕೊಡನೆ ಬಾಲ್ ಚುರುಕಾಗಿ ತಿರುಗುತ್ತದೆ. 70 ಪಿನ್ ಅನ್ನು ಕೆಳಗಿಳಿಸುತ್ತದೆ, ತಿರುವು ಬೇಗ ಶುರುವಾಗಿ ಬಿಲ್ಲಿನಂತೆ ನಿಧಾನಕ್ಕೆ ಬಾಗುತ್ತದೆ.

ಈಗ ಪಿಎಪಿ ತಪ್ಪಿದರೆ ಏನಾಗುತ್ತದೆ ನೋಡಿ. ಗ್ರಿಪ್ (ಬೆರಳು-ಹೆಬ್ಬೆರಳ ತೂತುಗಳ) ನಡುವಿನಿಂದ 5 ಇಂಚು ಅಂದುಕೊಂಡು ಕೊರೆದಿದ್ದಾರೆ, ನಿಮ್ಮದು ನಿಜವಾಗಿ 4 ಅಂತಿಟ್ಟುಕೊಳ್ಳಿ. 70ರ ಬಾಲ್‌ನಲ್ಲಿ 4½ ಇದ್ದದ್ದು 3½ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಹೆಚ್ಚು ಫ್ಲೇರ್. 30ರ ಬಾಲ್‌ನಲ್ಲಿ ಸುಮಾರು 4 ಆಗುತ್ತದೆ, ಕೋನವೂ ಸುಮಾರು 22ಕ್ಕೆ ಇಳಿಯುತ್ತದೆ. ಚೀಟಿಯಲ್ಲಿ ಬರೆದ ಬಾಲ್ ನಿಮ್ಮ ಕೈಯಲ್ಲಿ ಇಲ್ಲವೇ ಇಲ್ಲ. ಬೇರೆಯವರ ಪಿಎಪಿ ಬಳಸಿ ಕೊರೆಸುವುದು ಬೇಡ ಅನ್ನುವುದು ಇದಕ್ಕೇ.

ಪರೀಕ್ಷೆ ಸುಲಭ. ಪಿಎಪಿ ಎಂದು ಗುರುತಿಸಿದ ಜಾಗಕ್ಕೆ ಬೆರಳುಗುರಿನಷ್ಟು ಬಿಳಿ ಟೇಪ್ ಅಂಟಿಸಿ ಎಸೆಯಿರಿ, ಯಾರಾದರೂ ವಿಡಿಯೋ ಮಾಡಲಿ. ಕೈಬಿಟ್ಟ ಕೂಡಲೇ ಟೇಪ್ ನಿಂತಲ್ಲೇ ತಿರುಗುವ ಚುಕ್ಕಿಯಂತೆ ಕಂಡರೆ ಅಳತೆ ಸರಿ. ಆ ಕ್ಷಣದಿಂದಲೇ ಅದು ವೃತ್ತ ಬರೆಯುತ್ತಿದ್ದರೆ ತಪ್ಪು. ಲೇನ್‌ನಲ್ಲಿ ಮುಂದೆ ಹೋದಮೇಲೆ ಅದು ಅಲುಗಾಡುವುದು ಸಹಜ, ಅದು ಫ್ಲೇರ್.

ಆಮೇಲೆ ಮೇಲ್ಮೈ. ನನ್ನ ಲೆಕ್ಕದಲ್ಲಿ ಇದು ಲೇಔಟ್‌ಗಿಂತ ದೊಡ್ಡದು. ಬೆರಳ ಮೇಲೆ ಪಿನ್ ಇರುವ ಬಾಲ್‌ಗೆ 1000 ಗ್ರಿಟ್ (ಅಂಕಿ ಕಡಿಮೆಯಾದಷ್ಟೂ ಮೇಲ್ಮೈ ಒರಟು) ಹಾಕಿ, ಕೆಳಗೆ ಪಿನ್ ಇರುವುದನ್ನು 4000ಕ್ಕೆ ನಯ ಮಾಡಿದರೆ ಸಾಮಾನ್ಯವಾಗಿ ಮೊದಲನೆಯದೇ ಬೇಗ ಹಿಡಿಯುತ್ತದೆ. ಹೋಲಿಸುವ ಮುನ್ನ ಎರಡನ್ನೂ ಬಾಲ್ ತಿರುಗಿಸುವ ಯಂತ್ರವಾದ ಸ್ಪಿನ್ನರ್‌ನಲ್ಲಿಟ್ಟು ಒಂದೇ 2000 ಪ್ಯಾಡಿನಿಂದ ನಾಲ್ಕೂ ಬದಿ ಉಜ್ಜಿ, ಹೊಸದಾಗಿ ಎಣ್ಣೆ ಹಾಕಿದ ಲೇನ್‌ನಲ್ಲಿ ಒಂದಾದ ಮೇಲೊಂದು ಎಸೆಯಿರಿ. ಬಾಲ್‌ನ ಡಿಫರೆನ್ಷಿಯಲ್ (ಕೋರ್ ಎಷ್ಟು ಫ್ಲೇರ್ ಕೊಡಬಲ್ಲದು ಎಂಬ ಅಂಕಿ) ಕೂಡ ನೋಡಿಕೊಳ್ಳಿ: 0.050ರ ಕೋರ್‌ನಲ್ಲಿ ಲೇಔಟ್ ಮಾತಾಡುತ್ತದೆ, 0.015ರಲ್ಲಿ ಬಹುತೇಕ ಇಲ್ಲ.

ಉರುಳುವಾಗ ಟಕ್ ಟಕ್ ಸದ್ದು ಬಂದರೆ ಉರುಳುವಾಗ ಬಾಲ್ ಮೇಲೆ ಮೂಡುವ ಎಣ್ಣೆಯ ಉಂಗುರಗಳು ಬೆರಳಿನ ಇಲ್ಲವೇ ಹೆಬ್ಬೆರಳಿನ ತೂತನ್ನು ದಾಟುತ್ತಿವೆ. ಅದಕ್ಕೆ ಉಜ್ಜುವುದು ಮದ್ದಲ್ಲ, ಪ್ಲಗ್ ಮಾಡಿ (ತೂತು ಮುಚ್ಚಿಸಿ) ಮತ್ತೆ ಕೊರೆಸಬೇಕು. ಹಳೆಯ ಚಾರ್ಟ್‌ಗಳಲ್ಲಿ ಕಾಣುವ ನಾಲ್ಕನೆಯ ತೂತು, ಬ್ಯಾಲೆನ್ಸ್ ಹೋಲ್, ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿಯ ಆಟಗಳಲ್ಲಿ 2020ರ ಆಗಸ್ಟ್ 1ರಿಂದ ನಿಷಿದ್ಧ.

ಪಿಎಪಿ ಸರಿ ಬಂದರೆ ಮರುಕೊರೆತ ಬೇಡ. 30ರದ್ದನ್ನು 3000ಕ್ಕೆ, 70ರದ್ದನ್ನು 1000ಕ್ಕೆ ಉಜ್ಜಿ. ಲೇಔಟ್ ಮತ್ತು ಮೇಲ್ಮೈ ಒಂದೇ ದಿಕ್ಕಿಗೆ ಎಳೆದಾಗ ಎರಡು ಬಾಲ್‌ಗಳ ತಿರುವು ಬೇರೆ ಬೇರೆ ಜಾಗದಲ್ಲಿ ಶುರುವಾಗುವುದು ಕಣ್ಣಿಗೇ ಕಾಣುತ್ತದೆ.