ಕಾನೂನು ಸಲಹೆ: ವಿಶ್ವಸಂಸ್ಥೆಗೆ ದೂರು ಕೊಡಬಹುದೇ?

ಪ್ರಶ್ನೆ: ಸಲಿಂಗಿಗಳಿಗೆ ಅನ್ಯಾಯವಾದರೆ ನೇರವಾಗಿ ವಿಶ್ವಸಂಸ್ಥೆಗೇ ದೂರು ಕೊಡಬಹುದಂತೆ. ನಮ್ಮವರೂ ಕೊಡಬಹುದೇ? ಕೊಟ್ಟರೆ ಏನಾದರೂ ಆಗುತ್ತದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಯಾವ ಸರ್ಕಾರದ ಮೇಲೆ ದೂರು ಎಂಬುದಷ್ಟೇ ಮುಖ್ಯ. ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ವ್ಯಕ್ತಿಯ ದೂರನ್ನು ಕೈಗೆತ್ತಿಕೊಳ್ಳಬೇಕಾದರೆ ಆ ದೇಶವು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯನ್ನಲ್ಲದೆ ಇಂಥ ದೂರಿಗೆ ಅವಕಾಶ ಕೊಡುವ ಅದರ ಪೂರಕ ಒಪ್ಪಂದವನ್ನೂ (ಮೊದಲನೆಯ ಐಚ್ಛಿಕ ಪ್ರೋಟೊಕಾಲ್) ಒಪ್ಪಿರಬೇಕು. ಭಾರತ ಒಡಂಬಡಿಕೆಗೆ 1979ರಲ್ಲೇ ಸೇರಿದೆ, ಪ್ರೋಟೊಕಾಲ್‌ಗೆ ಸೇರಿಲ್ಲ. ಹಾಗಾಗಿ ಭಾರತದ ವಿರುದ್ಧ ಈ ದಾರಿ ಇಲ್ಲ. ಮೆಲ್ಬರ್ನ್‌ನಲ್ಲೋ ಬರ್ಲಿನ್‌ನಲ್ಲೋ ನೆಲೆಸಿರುವ ಕನ್ನಡಿಗರು ಅಲ್ಲಿನ ಸರ್ಕಾರದ ವಿರುದ್ಧ ಕೊಡಬಹುದು. ಅಮೆರಿಕ, ಬ್ರಿಟನ್ ಕೂಡ ಪ್ರೋಟೊಕಾಲ್ ಒಪ್ಪಿಲ್ಲ; ಬ್ರಿಟನ್‌ನಲ್ಲಿರುವವರಿಗೆ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವಿದೆ.

ದೂರು ಬಿದ್ದುಹೋಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಆ ದೇಶದ ಕೋರ್ಟುಗಳನ್ನು ಕೊನೆಯ ಮೇಲ್ಮನವಿಯವರೆಗೆ ಹತ್ತಿ ಬಂದಿರುವುದಿಲ್ಲ. ಇನ್ನೊಂದು, ಗಡುವು. ಸ್ಟ್ರಾಸ್‌ಬರ್ಗ್‌ಗೆ ಅಂತಿಮ ತೀರ್ಪಿನಿಂದ 4 ತಿಂಗಳು ಮಾತ್ರ. 2022ರ ಫೆಬ್ರವರಿಗೆ ಮುಂಚೆ ಇದು 6 ತಿಂಗಳಿತ್ತು; ಹಳೆಯ ಕೈಪಿಡಿ ನಂಬಿ ಕೂತರೆ ಕೆಟ್ಟಿರಿ. ಜಿನೀವಾ ಸಮಿತಿ ಅಷ್ಟು ಬಿಗಿಯಲ್ಲ, ಆದರೂ 5 ವರ್ಷ ಮೀರಿದರೆ ತಡವಾದದ್ದೇಕೆಂದು ವಿವರಿಸಬೇಕಾಗುತ್ತದೆ.

ಫಲದ ಮಾತಿಗೆ ಬಂದರೆ, ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ರಾಜ್ಯದ ನಿಕೋಲಸ್ ಟೂನನ್ ಪ್ರಕರಣ ನೋಡಿ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಅಲ್ಲಿನ ಕಾನೂನಿನಡಿ ಅವರನ್ನು ಯಾರೂ ಬಂಧಿಸಿರಲಿಲ್ಲ. ಆ ಕಾನೂನು ಪುಸ್ತಕದಲ್ಲಿರುವುದೇ ನನಗೆ ತೊಂದರೆ ಎಂಬುದು ಅವರ ವಾದ. ಆಸ್ಟ್ರೇಲಿಯಾದಲ್ಲಿ ಪ್ರೋಟೊಕಾಲ್ ಜಾರಿಗೆ ಬಂದ ದಿನವೇ, 1991ರ ಡಿಸೆಂಬರ್ 25ರಂದು, ದೂರು ಹಾಕಿದರು. 1994ರಲ್ಲಿ ಸಮಿತಿ ಅವರ ಪರ ನಿಂತಿತು. ಸಮಿತಿಯ ಅಭಿಪ್ರಾಯಕ್ಕೆ ಕೋರ್ಟ್ ಡಿಕ್ರಿಯ ಬಲವಿಲ್ಲ. ಆದರೆ ಅದನ್ನು ಹಿಡಿದು ಅದೇ ವರ್ಷ ಆಸ್ಟ್ರೇಲಿಯಾದ ಸಂಸತ್ತು ಕಾನೂನು ಮಾಡಿತು, 1997ರಲ್ಲಿ ಟ್ಯಾಸ್ಮೇನಿಯಾವೂ ಬಗ್ಗಿತು.

ಭಾರತದ ಪ್ರಕರಣಕ್ಕೂ ತೆರೆದಿರುವ ದಾರಿ ಬೇರೊಂದಿದೆ: ಲೈಂಗಿಕ ಅಲ್ಪಸಂಖ್ಯಾತರ ವಿಷಯಕ್ಕೆಂದೇ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ (ಮೇಲಿನ ಸಮಿತಿಯಲ್ಲ, ದೇಶಗಳೇ ಸದಸ್ಯರಾಗಿ ಮತ ಹಾಕುವ ಬೇರೆ ಸಂಸ್ಥೆ) 2016ರಲ್ಲಿ ನೇಮಿಸಿದ ಸ್ವತಂತ್ರ ತಜ್ಞರು. ಪ್ರೋಟೊಕಾಲೂ ಬೇಡ, ಕೋರ್ಟ್ ಮುಗಿಸಿರಬೇಕೆಂದೂ ಇಲ್ಲ. ಯಾರಿಗೆ, ಎಲ್ಲಿ, ಯಾವತ್ತು, ಯಾರಿಂದ ಏನಾಯಿತು ಎಂದು ಬರೆಯಿರಿ, ತೊಂದರೆಗೊಳಗಾದವರ ಒಪ್ಪಿಗೆ ಪಡೆಯಿರಿ. ಪತ್ರಿಕಾ ವರದಿಯನ್ನಷ್ಟೇ ಲಗತ್ತಿಸಿದರೆ ಸಾಲದು. ತಜ್ಞರು ಸರ್ಕಾರಕ್ಕೆ ಪತ್ರ ಬರೆಯುತ್ತಾರೆ, 60 ದಿನಗಳ ನಂತರ ಅದು ಬಹಿರಂಗವಾಗುತ್ತದೆ. ಪ್ರಕಟಣೆಯಲ್ಲಿ ಹೆಸರು ಬೇಡವೆಂದರೆ ಮೊದಲೇ ತಿಳಿಸಿ. ಸರ್ಕಾರಕ್ಕೆ ಹೋಗುವ ಪತ್ರದಲ್ಲಿ ಮಾತ್ರ ಸಾಮಾನ್ಯವಾಗಿ ಹೆಸರಿರುತ್ತದೆ.

ಪ್ರಶ್ನೆ: ಮಗ ಜರ್ಮನಿಯಲ್ಲಿ ಅಲ್ಲಿನ ಪ್ರಜೆಯೊಬ್ಬನನ್ನು ಮದುವೆಯಾಗಿದ್ದಾನೆ. ಅಳಿಯನಿಗೆ ರೊಮೇನಿಯಾಕ್ಕೆ ವರ್ಗವಾದರೆ? ಇಬ್ಬರೂ ಊರಿಗೆ ಬಂದು ನೆಲೆಸಿದರೆ?
– ಒಬ್ಬ ತಾಯಿ, ಮೈಸೂರು

ಉತ್ತರ: ರೊಮೇನಿಯಾ ಸಲಿಂಗ ವಿವಾಹ ಮಾಡಿಸುವುದಿಲ್ಲ. ಆದರೂ ಐರೋಪ್ಯ ಒಕ್ಕೂಟದ ನ್ಯಾಯಾಲಯದ 2018ರ ಕೋಮನ್ ತೀರ್ಪಿನ ಪ್ರಕಾರ, ಐರೋಪ್ಯ ಒಕ್ಕೂಟದ ಪ್ರಜೆಯ ಸಂಗಾತಿಗೆ ವಾಸದ ಹಕ್ಕು ಕೊಡಲೇಬೇಕು. ಈ ಹಕ್ಕು ಹುಟ್ಟುವುದು ನಿಮ್ಮ ಅಳಿಯನ ಪೌರತ್ವದಿಂದ. ಇಬ್ಬರೂ ಭಾರತೀಯರಾಗಿದ್ದರೆ ಈ ತೀರ್ಪು ಕೆಲಸಕ್ಕೆ ಬರುತ್ತಿರಲಿಲ್ಲ.

ಇಲ್ಲಿಗೆ ಬಂದರೆ ಆ ಮದುವೆಗೆ ಮಾನ್ಯತೆ ಇಲ್ಲ; ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಅದನ್ನು ಸಂಸತ್ತಿಗೇ ಬಿಟ್ಟಿದೆ. ಜಂಟಿ ಬ್ಯಾಂಕ್ ಖಾತೆಗೆ, ನಾಮಿನಿ ಮಾಡುವುದಕ್ಕೆ ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರಲ್ಲಿ ಸ್ಪಷ್ಟಪಡಿಸಿದೆ. ಆದರೆ ನಾಮಿನಿ ವಾರಸುದಾರನಲ್ಲ. ಮಗ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಉಯಿಲು ಬರೆದಿಡಲಿ.

ಪ್ರಶ್ನೆ: ಕಾನೂನು ಬಂದರೆ ಜನ ಬದಲಾಗುತ್ತಾರೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಧಾನವಾಗಿ. ದಕ್ಷಿಣ ಆಫ್ರಿಕಾದ ಸಂವಿಧಾನ ಸಲಿಂಗಿಗಳ ವಿರುದ್ಧದ ತಾರತಮ್ಯವನ್ನು ಹೆಸರಿಟ್ಟೇ ನಿಷೇಧಿಸಿದೆ, 2006ರಿಂದ ಮದುವೆಗೂ ಅವಕಾಶವಿದೆ. ಆದರೂ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ 2019ರ ಸಮೀಕ್ಷೆಯಲ್ಲಿ ಸಲಿಂಗಿಗಳನ್ನು ಸಮಾಜ ಒಪ್ಪಬೇಕು ಎಂದವರು ಅಲ್ಲಿ ಶೇ 54. ಸ್ವೀಡನ್‌ನಲ್ಲಿ ಶೇ 94, ಭಾರತದಲ್ಲಿ ಶೇ 37, ನೈಜೀರಿಯಾದಲ್ಲಿ ಶೇ 7. ಸ್ವತಂತ್ರ ತಜ್ಞರ ಹುದ್ದೆಗೆ ಮತ ಹಾಕುವಾಗ ಭಾರತದಂತೆ ದಕ್ಷಿಣ ಆಫ್ರಿಕಾವೂ ತಟಸ್ಥವಾಗಿತ್ತು. ಐದು ವರ್ಷ ಮುಂಚೆ ಈ ವಿಷಯದ ಮೊದಲ ನಿರ್ಣಯ ಮಂಡಿಸಿದ್ದು ಅದೇ ದೇಶ!

ಪ್ರಶ್ನೆ: ಸಲಿಂಗಿಯಾದ ತಮ್ಮನಿಗೆ ರಿಯಾದ್‌ನಲ್ಲಿ ಕೆಲಸ ಸಿಕ್ಕಿದೆ. ಏನು ಎಚ್ಚರ ಬೇಕು?
– ಓದುಗರೊಬ್ಬರು, ಉಡುಪಿ

ಉತ್ತರ: ಸೌದಿ ಅರೇಬಿಯಾ ಮೇಲೆ ಹೇಳಿದ ಒಡಂಬಡಿಕೆಗೇ ಸೇರಿಲ್ಲ, ಹಾಗಾಗಿ ಅದರ ವಿರುದ್ಧ ಜಿನೀವಾ ಸಮಿತಿಯ ದಾರಿ ಇಲ್ಲ. ಡೇಟಿಂಗ್ ಆ್ಯಪ್, ಹಳೆಯ ಚಾಟ್, ಫೋಟೊಗಳನ್ನು ವಿಮಾನ ಹತ್ತುವ ಮುಂಚೆಯೇ ಫೋನಿನಿಂದಲೂ ಕ್ಲೌಡ್‌ನಿಂದಲೂ ತೆಗೆಯಲಿ. ಈಜಿಪ್ಟ್‌ನಂಥ ಕಡೆ ಪೊಲೀಸರೇ ನಕಲಿ ಖಾತೆ ತೆರೆದು ಹಿಡಿದಿದ್ದಾರೆ, ಫೋನನ್ನೇ ಸಾಕ್ಷಿ ಮಾಡಿದ್ದಾರೆ. ಬಂಧನವಾದರೆ ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ ಎಂದು ಅವನೇ ಬಾಯಿಬಿಟ್ಟು ಕೇಳಬೇಕು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಆ ಹಕ್ಕು ಕೊಟ್ಟಿದೆ. ಕಚೇರಿಯವರು ಭೇಟಿಯಾಗಬಹುದು, ವಕೀಲರನ್ನು ಹುಡುಕಿಕೊಡಬಹುದು. ಅಲ್ಲಿನ ಕಾನೂನಿನಿಂದ ಬಿಡಿಸಲಾರರು.